ಪಾಲ್ ಫಿಟ್ಸ್

ಪಾಲ್ ಮೋರಿಸ್ ಫಿಟ್ಸ್ (ಮೇ ೬, ೧೯೧೨ – ಮೇ ೨, ೧೯೬೫) ಅಮೆರಿಕದ ಮನೋವಿಜ್ಞಾನಿ. ಮನುಷ್ಯನ ಕಣ್ಣು, ಕೈ ಮತ್ತು ಗಮನಶಕ್ತಿಯ ಮಿತಿಗಳನ್ನು ಅಳೆದು, ಆ ಮಿತಿಗಳಿಗೆ ಹೊಂದುವಂತೆ ಯಂತ್ರಗಳನ್ನು ರೂಪಿಸಬೇಕೆಂದು ಹೇಳುವ ಎಂಜಿನಿಯರಿಂಗ್ ಮನೋವಿಜ್ಞಾನ ಎಂಬ ಶಾಖೆಯನ್ನು ಕಟ್ಟಿದವರಲ್ಲಿ ಇವರು ಪ್ರಮುಖರು. ಗಣಕಯಂತ್ರದ ತಂತ್ರಾಂಶ, ಜಾಲತಾಣ ಹಾಗೂ ಮೊಬೈಲ್ ಆ್ಯಪ್‌ಗಳ ಪರದೆಯನ್ನು ಬಳಕೆದಾರಸ್ನೇಹಿಯಾಗಿ ವಿನ್ಯಾಸಗೊಳಿಸುವವರು ಮೊದಮೊದಲು ಕಲಿಯುವ ಸೂತ್ರಗಳಲ್ಲಿ ಒಂದಾದ ‘ಫಿಟ್ಸ್ ನಿಯಮ’ಕ್ಕೆ ಇವರದೇ ಹೆಸರು. ಆದರೆ ಜಾಲತಾಣವನ್ನಾಗಲಿ ಸ್ಪರ್ಶಪರದೆಯ ಫೋನನ್ನಾಗಲಿ ಫಿಟ್ಸ್ ಕಂಡವರಲ್ಲ. ಅವರ ಸಂಶೋಧನೆ ಬಹುಮಟ್ಟಿಗೆ ಎರಡನೆಯ ಮಹಾಯುದ್ಧದ ಕಾಲದ ವಿಮಾನಗಳ ಕಾಕ್‌ಪಿಟ್‌ನಿಂದ ಹುಟ್ಟಿದ್ದು. ಅಲ್ಲಿ ತಪ್ಪು ಗುಂಡಿಯನ್ನು ಒತ್ತಿದರೆ ಪ್ರಾಣವೇ ಹೋಗುವ ಸಾಧ್ಯತೆಯಿತ್ತು.

ಜನನ ಮತ್ತು ವಿದ್ಯಾಭ್ಯಾಸ

ಫಿಟ್ಸ್ ಜನಿಸಿದ್ದು ಅಮೆರಿಕದ ಟೆನೆಸಿ ರಾಜ್ಯದ ಮಾರ್ಟಿನ್ ಎಂಬ ಊರಿನಲ್ಲಿ. ಟೆನೆಸಿ ವಿಶ್ವವಿದ್ಯಾನಿಲಯದಿಂದ ೧೯೩೪ರಲ್ಲಿ ಪದವಿ, ಬ್ರೌನ್ ವಿಶ್ವವಿದ್ಯಾನಿಲಯದಿಂದ ೧೯೩೬ರಲ್ಲಿ ಸ್ನಾತಕೋತ್ತರ ಪದವಿ, ರಾಚೆಸ್ಟರ್ ವಿಶ್ವವಿದ್ಯಾನಿಲಯದಿಂದ ೧೯೩೮ರಲ್ಲಿ ಡಾಕ್ಟರೇಟ್ ಪಡೆದರು. ಮೂರೂ ಮನೋವಿಜ್ಞಾನದಲ್ಲಿಯೇ. ಬಳಿಕ ಟೆನೆಸಿ ವಿಶ್ವವಿದ್ಯಾನಿಲಯಕ್ಕೆ ಮರಳಿ ೧೯೪೧ರವರೆಗೆ ಅಧ್ಯಾಪಕರಾಗಿದ್ದರು. ಯುದ್ಧವೊಂದು ಬಾರದೇ ಇದ್ದಿದ್ದರೆ ಅವರು ವಿಮಾನಗಳ ಕಡೆಗೆ ತಿರುಗುತ್ತಿದ್ದರೆಂದು ಹೇಳಲು ಈ ಆರಂಭದ ವರ್ಷಗಳಲ್ಲಿ ಯಾವ ಸೂಚನೆಯೂ ಕಾಣುವುದಿಲ್ಲ.

ಸೇನೆಯಲ್ಲಿ

೧೯೪೧ರಲ್ಲಿ ಫಿಟ್ಸ್ ಅಮೆರಿಕದ ಭೂಸೇನಾ ವಾಯುಪಡೆಯ ವೈಮಾನಿಕ ಮನೋವಿಜ್ಞಾನ ಕಾರ್ಯಕ್ರಮವನ್ನು ಸೇರಿದರು. ಜಾನ್ ಫ್ಲ್ಯಾನಗನ್ ಅವರ ಮುಂದಾಳತ್ವದಲ್ಲಿ ನಡೆಯುತ್ತಿದ್ದ ಈ ಕಾರ್ಯಕ್ರಮದ ಮುಖ್ಯ ಗುರಿ ಆಯ್ಕೆ. ಸಾವಿರಾರು ಯುವಕರಲ್ಲಿ ಯಾರು ಒಳ್ಳೆಯ ಪೈಲಟ್ ಆಗಬಲ್ಲರು, ಯಾರು ಆಗಲಾರರು ಎಂಬುದನ್ನು ಪರೀಕ್ಷೆಗಳ ಮೂಲಕ ಮೊದಲೇ ಗುರುತಿಸುವುದು ಮನೋವಿಜ್ಞಾನಿಗಳಿಗೆ ಒಪ್ಪಿಸಿದ್ದ ಕೆಲಸವಾಗಿತ್ತು. ವಿಮಾನವು ಹೇಗಿದೆಯೋ ಹಾಗೆಯೇ ಇರುತ್ತದೆ, ಅದಕ್ಕೆ ತಕ್ಕ ಮನುಷ್ಯನನ್ನು ಹುಡುಕಬೇಕು, ಹುಡುಕಿದವನಿಗೆ ತರಬೇತಿ ಕೊಡಬೇಕು ಎಂಬುದು ಅಂದಿನ ಸಾಮಾನ್ಯ ತಿಳಿವಳಿಕೆ.

ಯುದ್ಧ ಮುಂದುವರಿದಂತೆ ಈ ತಿಳಿವಳಿಕೆಯ ಕೊರತೆ ಕಾಣತೊಡಗಿತು. ಆಯ್ದು, ತರಬೇತಿ ಕೊಟ್ಟು, ನೂರಾರು ಗಂಟೆ ಹಾರಾಟದ ಅನುಭವ ಪಡೆದ ಪೈಲಟ್‌ಗಳೂ ವಿಚಿತ್ರವಾದ ತಪ್ಪುಗಳನ್ನು ಮಾಡುತ್ತಿದ್ದರು. ಸುರಕ್ಷಿತವಾಗಿ ನೆಲ ಮುಟ್ಟಿದ ವಿಮಾನದ ಚಕ್ರಗಳನ್ನು ಕೈಯಾರೆ ಮಡಚಿ ವಿಮಾನವನ್ನು ಹೊಟ್ಟೆಯ ಮೇಲೆ ಕುಳ್ಳಿರಿಸುವುದು ಅಂತಹ ತಪ್ಪುಗಳಲ್ಲಿ ಒಂದು. ಅಪಘಾತದ ವರದಿಗಳಲ್ಲಿ ಇಂತಹವೆಲ್ಲ ಪೈಲಟ್‌ನ ತಪ್ಪು ಎಂಬ ಒಂದೇ ಶೀರ್ಷಿಕೆಯಡಿ ಸೇರುತ್ತಿದ್ದವು. ಆ ಶೀರ್ಷಿಕೆ ಬರೆದ ಮೇಲೆ ಮುಂದಿನ ವಿಚಾರಣೆ ಬಹುಪಾಲು ಅಲ್ಲಿಗೇ ನಿಲ್ಲುತ್ತಿತ್ತು.

ಇಲ್ಲಿ ಇನ್ನೊಬ್ಬರ ಹೆಸರನ್ನು ಹೇಳಲೇಬೇಕು. ಓಹಾಯೊ ರಾಜ್ಯದ ಡೇಟನ್ ನಗರದ ಬಳಿಯಿದ್ದ ರೈಟ್ ಫೀಲ್ಡ್ ಸೇನಾ ನೆಲೆಯಲ್ಲಿ ಕೆಲಸ ಮಾಡುತ್ತಿದ್ದ ಆಲ್ಫಾನ್ಸ್ ಚಪಾನಿಸ್ ಎಂಬ ಯುವ ಮನೋವಿಜ್ಞಾನಿ, ಬಿ-೧೭ ಬಾಂಬರ್ ವಿಮಾನದಲ್ಲಿ ಚಕ್ರಗಳ ಸ್ವಿಚ್ಚೂ ರೆಕ್ಕೆಯ ಫ್ಲಾಪ್‌ಗಳ ಸ್ವಿಚ್ಚೂ ಒಂದೇ ಆಕಾರದಲ್ಲಿ ಅಕ್ಕಪಕ್ಕದಲ್ಲಿರುವುದನ್ನು ಗಮನಿಸಿದರು. ನೆಲಕ್ಕಿಳಿದ ಮೇಲೆ ಫ್ಲಾಪ್ ಮಡಚಲು ಹೋದ ಕೈ ಚಕ್ರದ ಸ್ವಿಚ್ಚನ್ನು ಎಳೆಯುತ್ತಿತ್ತು. ಒಂದಕ್ಕೆ ರಬ್ಬರಿನ ಪುಟ್ಟ ಚಕ್ರವನ್ನೂ ಇನ್ನೊಂದಕ್ಕೆ ಬೆಣೆಯಾಕಾರದ ತುಂಡನ್ನೂ ಅಂಟಿಸುವುದು ಅವರು ಸೂಚಿಸಿದ ಪರಿಹಾರ. ಕತ್ತಲಲ್ಲಿ ಮುಟ್ಟಿದರೂ ಯಾವುದು ಯಾವುದೆಂದು ಕೈಗೆ ತಿಳಿಯುತ್ತದೆ. ಈ ಪ್ರಸಂಗವನ್ನು ಫಿಟ್ಸ್ ಅವರ ಹೆಸರಿಗೆ ಕಟ್ಟಿ ಹೇಳುವುದು ಜನಪ್ರಿಯ ಬರಹಗಳಲ್ಲಿ ಆಗಾಗ ಕಂಡುಬರುತ್ತದೆ, ಅದು ಸರಿಯಲ್ಲ. ಒಂದು ವಿಮಾನದಲ್ಲಿ ಚಪಾನಿಸ್ ಕಂಡದ್ದನ್ನು ಇಡೀ ವಾಯುಪಡೆಯ ಮಟ್ಟದಲ್ಲಿ, ಎಣಿಕೆ ಮತ್ತು ವರ್ಗೀಕರಣದ ಮೂಲಕ ತೋರಿಸಿಕೊಟ್ಟದ್ದು ಫಿಟ್ಸ್ ಅವರ ಕೆಲಸ.

ರೈಟ್ ಫೀಲ್ಡ್ ಮತ್ತು ೪೬೦ ತಪ್ಪುಗಳು

೧೯೪೫ರಲ್ಲಿ ರೈಟ್ ಫೀಲ್ಡ್‌ನ ವೈಮಾನಿಕ ವೈದ್ಯಕೀಯ ಪ್ರಯೋಗಾಲಯದಲ್ಲಿ ಮನೋವಿಜ್ಞಾನ ವಿಭಾಗವೊಂದು ಆರಂಭವಾಯಿತು. ಲೆಫ್ಟಿನೆಂಟ್ ಕರ್ನಲ್ ಹುದ್ದೆಗೆ ಏರಿದ್ದ ಫಿಟ್ಸ್ ಅದರ ಮೊದಲ ಮುಖ್ಯಸ್ಥರಾದರು. ಯುದ್ಧ ಮುಗಿದ ಮೇಲೆ ವಾಯುಪಡೆಯ ಮನೋವಿಜ್ಞಾನ ಸಂಶೋಧನೆಗಳನ್ನೆಲ್ಲ ೧೯ ಸಂಪುಟಗಳಲ್ಲಿ ಪ್ರಕಟಿಸಲಾಯಿತು. ಅವುಗಳಲ್ಲಿ ಉಪಕರಣಗಳ ವಿನ್ಯಾಸಕ್ಕೆ ಮೀಸಲಾದ ಕೊನೆಯ ಸಂಪುಟವನ್ನು ೧೯೪೭ರಲ್ಲಿ ಸಂಪಾದಿಸಿದವರು ಇವರು. ಹದಿನೆಂಟು ಸಂಪುಟಗಳು ಮುಖ್ಯವಾಗಿ ಮನುಷ್ಯನನ್ನು ಆಯುವ, ತಿದ್ದುವ ವಿಷಯದವು. ಒಂದು ಮಾತ್ರ ಯಂತ್ರವನ್ನು ತಿದ್ದುವ ವಿಷಯದ್ದು.

ಅದೇ ೧೯೪೭ರಲ್ಲಿ ಫಿಟ್ಸ್ ಮತ್ತು ಅವರ ಸಹೋದ್ಯೋಗಿ ರಿಚರ್ಡ್ ಜೋನ್ಸ್ ಎರಡು ವರದಿಗಳನ್ನು ಸಲ್ಲಿಸಿದರು. ಬಳಕೆದಾರಸ್ನೇಹಿ ವಿನ್ಯಾಸದ ಇತಿಹಾಸದಲ್ಲಿ ಇವೆರಡರ ಸ್ಥಾನ, ಮುಂದೆ ಪ್ರಸಿದ್ಧವಾದ ಫಿಟ್ಸ್ ನಿಯಮಕ್ಕಿಂತ ಕಡಿಮೆಯದೇನಲ್ಲ, ಹೆಚ್ಚಿನದೆಂದರೂ ತಪ್ಪಾಗದು.

ಅವರು ಅನುಸರಿಸಿದ ಕ್ರಮ ಸರಳ. ವಿಮಾನದ ನಿಯಂತ್ರಣಗಳನ್ನು ಬಳಸುವಾಗ ತಾವು ಮಾಡಿದ, ಅಥವಾ ಪಕ್ಕದಲ್ಲಿದ್ದು ಕಣ್ಣಾರೆ ಕಂಡ ಒಂದು ತಪ್ಪನ್ನು ವಿವರವಾಗಿ ಹೇಳಬೇಕೆಂದು ಪೈಲಟ್‌ಗಳನ್ನು ಕೇಳಲಾಯಿತು. ಕೆಲವರನ್ನು ಸಂದರ್ಶಿಸಿ, ಕೆಲವರಿಂದ ಬರೆಸಿಕೊಂಡು ೪೬೦ ಪ್ರಸಂಗಗಳನ್ನು ಕಲೆಹಾಕಿದರು. ಅಪಘಾತದಲ್ಲಿ ಸತ್ತವರನ್ನು ಕೇಳಲಾಗದು. ಆದರೆ ಅದೇ ತಪ್ಪನ್ನು ಮಾಡಿ ಕೂದಲೆಳೆಯ ಅಂತರದಲ್ಲಿ ಬದುಕಿ ಬಂದವರು ಬಹಳ ಮಂದಿ ಇದ್ದರು. ಅವರ ಮಾತಿನಲ್ಲಿ ಕಾರಣವೂ ಸಿಗುತ್ತಿತ್ತು.

೪೬೦ ಪ್ರಸಂಗಗಳನ್ನು ಆರು ಬಗೆಗಳಾಗಿ ವಿಂಗಡಿಸಿದಾಗ ಅರ್ಧದಷ್ಟು, ಅಂದರೆ ಶೇಕಡಾ ೫೦, ಒಂದು ನಿಯಂತ್ರಣವನ್ನು ಇನ್ನೊಂದೆಂದು ಭ್ರಮಿಸಿ ಹಿಡಿದವು. ಬೇಕಾದುದಕ್ಕಿಂತ ಹೆಚ್ಚು ಅಥವಾ ಕಡಿಮೆ ಸರಿಸಿದ ತಪ್ಪುಗಳು ಶೇಕಡಾ ೧೮. ಮಾಡಬೇಕಾದುದನ್ನು ಮರೆತವು ಮತ್ತೆ ಶೇಕಡಾ ೧೮. ಉದ್ದೇಶಿಸಿದ್ದಕ್ಕೆ ವಿರುದ್ಧ ದಿಕ್ಕಿಗೆ ಸರಿಸಿದವು ಶೇಕಡಾ ೬, ಅರಿವಿಲ್ಲದೆ ಕೈಯೋ ಮೈಯೋ ತಗುಲಿದವು ಶೇಕಡಾ ೫, ಕೈಗೆ ಎಟುಕದೇ ಹೋದವು ಶೇಕಡಾ ೩.

ಮೊದಲ ಬಗೆಗೆ ಕಾರಣ ಹುಡುಕುವುದು ಕಷ್ಟವಾಗಲಿಲ್ಲ. ಎಂಜಿನ್ನಿನ ಶಕ್ತಿಯನ್ನು ನಿಯಂತ್ರಿಸುವ ಥ್ರಾಟಲ್, ಪ್ರೊಪೆಲರ್‌ನ ನಿಯಂತ್ರಣ, ಇಂಧನ ಮತ್ತು ಗಾಳಿಯ ಮಿಶ್ರಣದ ನಿಯಂತ್ರಣ ಎಂಬ ಮೂರು ಸನ್ನೆಗೋಲುಗಳು ಪೈಲಟ್‌ನ ಕೈಯಡಿಯಲ್ಲಿ ಸಾಲಾಗಿ ಇರುತ್ತಿದ್ದವು. ಬಿ-೨೫ ವಿಮಾನದಲ್ಲಿ ಎಡದಿಂದ ಬಲಕ್ಕೆ ಥ್ರಾಟಲ್, ಪ್ರೊಪೆಲರ್, ಮಿಶ್ರಣ ಎಂಬ ಕ್ರಮ. ಸಿ-೪೭ರಲ್ಲಿ ಪ್ರೊಪೆಲರ್, ಥ್ರಾಟಲ್, ಮಿಶ್ರಣ. ಸಿ-೮೨ರಲ್ಲಿ ಮಿಶ್ರಣ, ಥ್ರಾಟಲ್, ಪ್ರೊಪೆಲರ್. ಒಂದು ವಿಮಾನದಿಂದ ಇನ್ನೊಂದಕ್ಕೆ ವರ್ಗವಾದ ಪೈಲಟ್‌ನ ಕೈ ಹಳೆಯ ಅಭ್ಯಾಸದಂತೆ ಚಲಿಸಿದರೆ ಇಂಧನವೇ ನಿಂತು ಎಂಜಿನ್ ಆರಿಹೋಗಬಹುದಿತ್ತು. ಅಂತಹವನನ್ನು ಅಜಾಗರೂಕನೆಂದು ಕರೆಯುವುದು ಸುಲಭ. ಆದರೆ ಅಭ್ಯಾಸವು ಗಟ್ಟಿಯಾದಷ್ಟೂ, ಅಂದರೆ ಪೈಲಟ್ ಹಳೆಯ ವಿಮಾನದಲ್ಲಿ ನುರಿತವನಾದಷ್ಟೂ ಈ ತಪ್ಪಿನ ಅಪಾಯ ಹೆಚ್ಚು.

ವಯಸ್ಸು, ಅನುಭವ, ಕೌಶಲ ಏನೇ ಇರಲಿ, ಬಹುತೇಕ ಎಲ್ಲ ಪೈಲಟ್‌ಗಳೂ ಇಂತಹ ತಪ್ಪುಗಳನ್ನು ಮಾಡುತ್ತಾರೆಂಬುದು ವರದಿಯ ಮುಖ್ಯ ನಿರ್ಣಯಗಳಲ್ಲಿ ಒಂದು. ನಿಯಂತ್ರಣಗಳ ಸ್ಥಾನವನ್ನು ಎಲ್ಲ ವಿಮಾನಗಳಲ್ಲೂ ಏಕರೂಪವಾಗಿಡುವುದು, ಆಕಾರವನ್ನು ಭಿನ್ನವಾಗಿಸುವುದು, ಸರಿಸುವ ದಿಕ್ಕು ಮನುಷ್ಯನ ಸಹಜ ನಿರೀಕ್ಷೆಗೆ ಒಪ್ಪುವಂತೆ ಮಾಡುವುದು ಇಂತಹ ಕ್ರಮಗಳಿಂದ ತಪ್ಪುಗಳಲ್ಲಿ ಬಹುಪಾಲನ್ನು ತಪ್ಪಿಸಬಹುದೆಂದು ಅವರು ತೋರಿಸಿದರು. ದೊಡ್ಡ ನಾಗರಿಕ ವಿಮಾನಗಳಲ್ಲಿ ಚಕ್ರದ ಹಿಡಿ ಚಕ್ರದಂತೆಯೂ ಫ್ಲಾಪ್‌ನ ಹಿಡಿ ರೆಕ್ಕೆಯ ಆಕಾರದಲ್ಲಿಯೂ ಇರಬೇಕೆಂಬುದು ಅಮೆರಿಕದ ವಿಮಾನಯಾನ ನಿಯಮಾವಳಿಯಲ್ಲಿ ಇಂದಿಗೂ ಇದೆ.

ಎರಡನೆಯ ವರದಿ ಅಳತೆಯ ಮುಖಫಲಕಗಳನ್ನು ಓದುವಾಗ ಆದ ೨೭೦ ತಪ್ಪುಗಳನ್ನು ಕುರಿತದ್ದು. ಮೂರು ಮುಳ್ಳುಗಳಿದ್ದ ಅಂದಿನ ಎತ್ತರಮಾಪಕ ಇಲ್ಲಿ ಪದೇ ಪದೇ ಬರುತ್ತದೆ. ಗಡಿಯಾರದಂತೆ ಕಾಣುವ ಆ ಫಲಕದಲ್ಲಿ ಒಂದು ಮುಳ್ಳು ನೂರು ಅಡಿಗಳನ್ನು, ಇನ್ನೊಂದು ಸಾವಿರವನ್ನು, ಮತ್ತೊಂದು ಹತ್ತು ಸಾವಿರವನ್ನು ತೋರಿಸುತ್ತಿತ್ತು. ಪೈಲಟ್ ಸಾವಿರ ಅಡಿ ತಪ್ಪಾಗಿ ಓದುವುದು ಅಪರೂಪವಾಗಿರಲಿಲ್ಲ. ಗುಡ್ಡಗಾಡಿನ ಮೇಲೆ ಮೋಡದೊಳಗೆ ಹಾರುತ್ತಿರುವಾಗ ಸಾವಿರ ಅಡಿಯ ತಪ್ಪೆಂದರೆ ಏನೆಂಬುದನ್ನು ವಿವರಿಸಬೇಕಾಗಿಲ್ಲ.

ಕಣ್ಣಿನ ಚಲನೆಯ ಅಧ್ಯಯನ

ಕೈಯ ನಂತರ ಕಣ್ಣು. ಮೋಡ ಮುಸುಕಿದಾಗ ಉಪಕರಣಗಳನ್ನೇ ನಂಬಿ ವಿಮಾನವನ್ನು ಇಳಿಸುವ ಪೈಲಟ್ ಯಾವ ಫಲಕವನ್ನು ಎಷ್ಟು ಸಲ, ಎಷ್ಟು ಹೊತ್ತು ನೋಡುತ್ತಾನೆ ಎಂಬುದನ್ನು ಫಿಟ್ಸ್, ಜೋನ್ಸ್ ಮತ್ತು ಮಿಲ್ಟನ್ ಚಲನಚಿತ್ರದ ಕ್ಯಾಮೆರಾ ಬಳಸಿ ದಾಖಲಿಸಿದರು. ೪೦ ಪೈಲಟ್‌ಗಳ ಅಧ್ಯಯನ ೧೯೫೦ರಲ್ಲಿ ಪ್ರಕಟವಾಯಿತು. ಒಂದು ಫಲಕವನ್ನು ಎಷ್ಟು ಬಾರಿ ನೋಡುತ್ತಾರೆಂಬುದು ಅದರ ಮಹತ್ತ್ವವನ್ನೂ, ಪ್ರತಿ ಬಾರಿಯೂ ಎಷ್ಟು ಹೊತ್ತು ನೋಡುತ್ತಾರೆಂಬುದು ಅದನ್ನು ಅರ್ಥಮಾಡಿಕೊಳ್ಳುವ ಕಷ್ಟವನ್ನೂ ಸೂಚಿಸುತ್ತದೆಂದು ಅವರು ವಾದಿಸಿದರು. ಯಾವ ಫಲಕದಿಂದ ಯಾವುದಕ್ಕೆ ಕಣ್ಣು ಹೆಚ್ಚಾಗಿ ಹೋಗುತ್ತದೆಯೋ ಅವೆರಡೂ ಹತ್ತಿರವಿರಬೇಕು. ಇಂದು ಜಾಲತಾಣಗಳನ್ನು ಪರೀಕ್ಷಿಸುವವರು ಬಳಕೆದಾರನ ಕಣ್ಣು ಪುಟದ ಮೇಲೆ ಎಲ್ಲೆಲ್ಲಿ ಓಡಾಡಿತೆಂದು ಯಂತ್ರದಿಂದ ಗುರುತಿಸಿ, ಬಣ್ಣ ಹಚ್ಚಿದ ನಕ್ಷೆಗಳನ್ನು ತಯಾರಿಸುತ್ತಾರೆ. ಆ ವಿಧಾನದ ಆರಂಭದ ದೊಡ್ಡ ಪ್ರಯೋಗಗಳಲ್ಲಿ ಇದೊಂದು.

ಓಹಾಯೊ ಸ್ಟೇಟ್ ವಿಶ್ವವಿದ್ಯಾನಿಲಯದಲ್ಲಿ

೧೯೪೯ರಲ್ಲಿ ಫಿಟ್ಸ್ ಸೇನೆಯ ಪ್ರಯೋಗಾಲಯವನ್ನು ಬಿಟ್ಟು ಓಹಾಯೊ ಸ್ಟೇಟ್ ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕರಾದರು. ಅಲ್ಲಿನ ವೈಮಾನಿಕ ಮನೋವಿಜ್ಞಾನ ಪ್ರಯೋಗಾಲಯವನ್ನು ನಡೆಸಿದ ಒಂಬತ್ತು ವರ್ಷಗಳು ಅವರ ಜೀವನದ ಅತ್ಯಂತ ಫಲವತ್ತಾದ ಕಾಲ.

೧೯೫೧ರಲ್ಲಿ ವಿಮಾನ ಸಂಚಾರ ನಿಯಂತ್ರಣದ ಬಗ್ಗೆ ಅವರು ಸಂಪಾದಿಸಿದ ವರದಿಯಲ್ಲಿ ಯಾವ ಕೆಲಸವನ್ನು ಮನುಷ್ಯನಿಗೆ, ಯಾವುದನ್ನು ಯಂತ್ರಕ್ಕೆ ಒಪ್ಪಿಸಬೇಕೆಂಬ ಒಂದು ಪಟ್ಟಿಯಿದೆ. ಇದು ‘ಫಿಟ್ಸ್ ಪಟ್ಟಿ’ ಎಂದೇ ಹೆಸರಾಗಿದೆ. ಸೂಕ್ಷ್ಮವಾದ ಬೆಳಕನ್ನೋ ಶಬ್ದವನ್ನೋ ಗ್ರಹಿಸುವುದು, ವಿನ್ಯಾಸಗಳನ್ನು ಗುರುತಿಸುವುದು, ಸಂದರ್ಭಕ್ಕೆ ತಕ್ಕಂತೆ ಹೊಸ ದಾರಿ ಹುಡುಕುವುದು, ವಿವೇಚಿಸುವುದು ಇವು ಮನುಷ್ಯನ ಬಲ. ಬೇಗನೆ ಪ್ರತಿಕ್ರಿಯಿಸುವುದು, ದೊಡ್ಡ ಬಲವನ್ನು ಹದವಾಗಿ ಪ್ರಯೋಗಿಸುವುದು, ಒಂದೇ ಕೆಲಸವನ್ನು ಬೇಸರವಿಲ್ಲದೆ ಮತ್ತೆ ಮತ್ತೆ ಮಾಡುವುದು, ಲೆಕ್ಕ ಹಾಕುವುದು ಇವು ಯಂತ್ರದ ಬಲ. ಬಹಳಷ್ಟನ್ನು ದೀರ್ಘಕಾಲ ನೆನಪಿಡುವುದು ಮನುಷ್ಯನ ಪಾಲಿಗೂ, ಸ್ವಲ್ಪ ಹೊತ್ತು ನೆನಪಿಟ್ಟು ಆಮೇಲೆ ಪೂರ್ತಿ ಅಳಿಸಿಹಾಕುವುದು ಯಂತ್ರದ ಪಾಲಿಗೂ ಬಂದಿರುವುದು ಇಂದಿನ ಓದುಗರಿಗೆ ತಮಾಷೆಯಾಗಿ ಕಾಣಬಹುದು. ಕೆಲಸವನ್ನು ಹೀಗೆ ಎರಡು ಪಾಲು ಮಾಡುವುದೇ ಸರಿಯಲ್ಲ, ಮನುಷ್ಯ ಮತ್ತು ಯಂತ್ರ ಒಟ್ಟಾಗಿ ದುಡಿಯುವ ಬಗೆಯನ್ನು ಯೋಚಿಸಬೇಕು ಎಂಬ ಟೀಕೆ ಮುಂದೆ ಬಂತು. ಅದು ನ್ಯಾಯವಾದ ಟೀಕೆ. ಹಾಗಿದ್ದರೂ ಯಾಂತ್ರೀಕರಣದ ಚರ್ಚೆ ಎದ್ದಾಗಲೆಲ್ಲ ಈ ಪಟ್ಟಿ ಮತ್ತೆ ಮೇಲಕ್ಕೆ ಬರುತ್ತದೆ.

೧೯೫೩ರಲ್ಲಿ ಚಾರ್ಲ್ಸ್ ಸೀಗರ್ ಅವರೊಡನೆ ನಡೆಸಿದ ಪ್ರಯೋಗ ಸೂಚನೆ ಮತ್ತು ಪ್ರತಿಕ್ರಿಯೆಗಳ ಹೊಂದಾಣಿಕೆಯನ್ನು ಕುರಿತದ್ದು. ದೀಪಗಳನ್ನು ಜೋಡಿಸಿದ ಮೂರು ಬಗೆಯ ಫಲಕಗಳು, ಕೈ ಚಲಿಸಬೇಕಾದ ದಾರಿಗಳನ್ನು ಕೊರೆದ ಮೂರು ಬಗೆಯ ಫಲಕಗಳು. ಇವನ್ನು ಒಂದಕ್ಕೊಂದು ಸೇರಿಸಿದರೆ ಒಂಬತ್ತು ಜೋಡಿಗಳು. ದೀಪಗಳ ಜೋಡಣೆಯೂ ಕೈಯ ದಾರಿಯೂ ಒಂದೇ ರೂಪದಲ್ಲಿದ್ದಾಗ ಜನ ಬೇಗನೆ, ಕಡಿಮೆ ತಪ್ಪುಗಳೊಡನೆ ಪ್ರತಿಕ್ರಿಯಿಸಿದರು. ಯಾವ ಫಲಕವೂ ತನ್ನಷ್ಟಕ್ಕೆ ಒಳ್ಳೆಯದೂ ಅಲ್ಲ, ಕೆಟ್ಟದ್ದೂ ಅಲ್ಲ. ಜೋಡಿಯೇ ಮುಖ್ಯ. ಹೊಂದದ ಜೋಡಿಯಲ್ಲಿ ಹಲವು ವಾರ ಅಭ್ಯಾಸ ಮಾಡಿಸಿದರೂ ವ್ಯತ್ಯಾಸ ಪೂರ್ತಿಯಾಗಿ ಅಳಿಯಲಿಲ್ಲ. ಜನಕ್ಕೆ ಬಳಸುತ್ತ ಬಳಸುತ್ತ ರೂಢಿಯಾಗುತ್ತದೆ ಎಂಬ ಸಮಾಧಾನವನ್ನು ವಿನ್ಯಾಸಕಾರರು ಇಂದಿಗೂ ಹೇಳಿಕೊಳ್ಳುವುದುಂಟು. ಅದಕ್ಕೆ ಈ ಪ್ರಯೋಗ ಎಪ್ಪತ್ತು ವರ್ಷಗಳ ಹಿಂದೆಯೇ ಉತ್ತರ ಕೊಟ್ಟಿದೆ. ನಾಲ್ಕು ಒಲೆಗಳ ಗ್ಯಾಸ್ ಸ್ಟವ್‌ನಲ್ಲಿ ಯಾವ ತಿರುಗುಗುಂಡಿ ಯಾವ ಒಲೆಯದೆಂದು ವರ್ಷಗಟ್ಟಲೆ ಅಡುಗೆ ಮಾಡಿದವರೂ ಒಮ್ಮೊಮ್ಮೆ ತಡವರಿಸುವುದು ಇದೇ ಕಾರಣದಿಂದ.

ಫಿಟ್ಸ್ ನಿಯಮ

ಫಿಟ್ಸ್ ಅವರ ಹೆಸರನ್ನು ಉಳಿಸಿರುವ ಪ್ರಬಂಧ ೧೯೫೪ರ ಜೂನ್ ತಿಂಗಳಲ್ಲಿ ಪ್ರಾಯೋಗಿಕ ಮನೋವಿಜ್ಞಾನದ ಪತ್ರಿಕೆಯೊಂದರಲ್ಲಿ ಪ್ರಕಟವಾಯಿತು. ಕೈಯನ್ನು ವೇಗವಾಗಿ ಚಲಿಸಿದಷ್ಟೂ ಗುರಿ ತಪ್ಪುತ್ತದೆ ಎಂಬುದು ಹೊಸ ಸಂಗತಿಯಾಗಿರಲಿಲ್ಲ. ರಾಬರ್ಟ್ ವುಡ್‌ವರ್ತ್ ೧೮೯೯ರಲ್ಲಿಯೇ ಅದನ್ನು ಅಧ್ಯಯನ ಮಾಡಿದ್ದರು. ಹೊಸದಾಗಿ ಬಂದದ್ದು ಅದನ್ನು ಅಳೆಯುವ ಮಾನ. ೧೯೪೮ರಲ್ಲಿ ಕ್ಲಾಡ್ ಶ್ಯಾನನ್ ದೂರವಾಣಿಯಂತಹ ಸಂಪರ್ಕ ಮಾರ್ಗಗಳ ಸಾಮರ್ಥ್ಯವನ್ನು ಬಿಟ್ ಎಂಬ ಏಕಮಾನದಲ್ಲಿ ಅಳೆಯುವ ಮಾಹಿತಿ ಸಿದ್ಧಾಂತವನ್ನು ಮಂಡಿಸಿದ್ದರು. ಫಿಟ್ಸ್ ಅದನ್ನು ಮನುಷ್ಯನ ತೋಳಿಗೆ ಅನ್ವಯಿಸಿದರು. ತಂತಿಯ ಮೂಲಕ ಸಂದೇಶ ಹೋಗುವಂತೆ, ಕೈಯ ಪ್ರತಿಯೊಂದು ಚಲನೆಯ ಮೂಲಕವೂ ಇಂತಿಷ್ಟು ಮಾಹಿತಿ ಹೋಗುತ್ತದೆಂಬುದು ಅವರ ಕಲ್ಪನೆ.

ಪ್ರಯೋಗದಲ್ಲಿ ಭಾಗವಹಿಸಿದವರು ಬಲಗೈ ಬಳಸುವ ೧೬ ಮಂದಿ ಕಾಲೇಜು ಯುವಕರು. ಮೇಜಿನ ಮೇಲೆ ಎರಡು ಲೋಹದ ಪಟ್ಟಿಗಳು. ಕೈಯಲ್ಲಿ ಒಂದು ಲೋಹದ ಕಡ್ಡಿ. ಆ ಕಡ್ಡಿಯಿಂದ ಎರಡು ಪಟ್ಟಿಗಳನ್ನೂ ಒಂದಾದ ಮೇಲೊಂದರಂತೆ ಸಾಧ್ಯವಾದಷ್ಟು ವೇಗವಾಗಿ, ಆದರೆ ತಪ್ಪದಂತೆ ಮುಟ್ಟುತ್ತಿರಬೇಕು. ಪಟ್ಟಿಗಳ ಅಗಲ ಕಾಲು, ಅರ್ಧ, ಒಂದು ಮತ್ತು ಎರಡು ಅಂಗುಲ. ನಡುವಿನ ದೂರ ಎರಡು, ನಾಲ್ಕು, ಎಂಟು ಮತ್ತು ಹದಿನಾರು ಅಂಗುಲ. ಹೀಗೆ ೧೬ ಬಗೆಯ ಜೋಡಣೆಗಳಾದವು. ಪಟ್ಟಿಗಳ ಎರಡೂ ಬದಿಗೆ ತಪ್ಪನ್ನು ದಾಖಲಿಸುವ ಬೇರೆ ಪಟ್ಟಿಗಳಿದ್ದವು. ಮೊದಲು ಸುಮಾರು ೨೮ ಗ್ರಾಂ ತೂಕದ ಕಡ್ಡಿಯಿಂದ, ಆಮೇಲೆ ಸುಮಾರು ೪೫೪ ಗ್ರಾಂ ತೂಕದ ಕಡ್ಡಿಯಿಂದ ಇದನ್ನೇ ಮಾಡಿಸಲಾಯಿತು.

ಗುರಿ ದೂರವಾದಷ್ಟೂ ಕಾಲ ಹೆಚ್ಚು ಬೇಕು, ಗುರಿ ಚಿಕ್ಕದಾದಷ್ಟೂ ಕಾಲ ಹೆಚ್ಚು ಬೇಕು. ಇದು ಯಾರಿಗಾದರೂ ತೋಚುವ ಮಾತು. ಫಲಿತಾಂಶದ ಸೊಗಸು ಬೇರೆ ಕಡೆ ಇದೆ. ದೂರವನ್ನು ಇಮ್ಮಡಿ ಮಾಡಿ, ಜೊತೆಗೆ ಅಗಲವನ್ನೂ ಇಮ್ಮಡಿ ಮಾಡಿದರೆ ಬೇಕಾಗುವ ಕಾಲ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಎರಡಂಗುಲ ದೂರದ ಕಾಲಂಗುಲದ ಗುರಿ, ನಾಲ್ಕಂಗುಲ ದೂರದ ಅರ್ಧ ಅಂಗುಲದ ಗುರಿ, ಎಂಟಂಗುಲ ದೂರದ ಒಂದಂಗುಲದ ಗುರಿ, ಹದಿನಾರು ಅಂಗುಲ ದೂರದ ಎರಡಂಗುಲದ ಗುರಿ ಈ ನಾಲ್ಕಕ್ಕೂ ಹಗುರವಾದ ಕಡ್ಡಿಯೊಡನೆ ತಗುಲಿದ ಕಾಲ ಸರಾಸರಿ ೦.೩೬ ಮತ್ತು ೦.೩೯ ಸೆಕೆಂಡುಗಳ ನಡುವೆ ಇತ್ತು. ಅಂದರೆ ದೂರವೊಂದೇ ಮುಖ್ಯವಲ್ಲ, ಅಗಲವೊಂದೇ ಮುಖ್ಯವಲ್ಲ. ಅವೆರಡರ ಪ್ರಮಾಣ ಮುಖ್ಯ. ಅತ್ಯಂತ ಸುಲಭವಾದ ಜೋಡಣೆಗೆ ೦.೧೮ ಸೆಕೆಂಡ್ ಸಾಕಾದರೆ ಅತ್ಯಂತ ಕಠಿಣವಾದುದಕ್ಕೆ ೦.೭೩ ಸೆಕೆಂಡ್ ಬೇಕಾಯಿತು. ಕಡ್ಡಿ ಹದಿನಾರು ಪಟ್ಟು ಭಾರವಾದಾಗ ಕಾಲ ಸ್ವಲ್ಪ ಹೆಚ್ಚಿತೇ ಹೊರತು ಒಟ್ಟು ಚಿತ್ರ ಬದಲಾಗಲಿಲ್ಲ.

ಸೂತ್ರ ಹೀಗಿದೆ: ದೂರದ ಇಮ್ಮಡಿಯನ್ನು ಗುರಿಯ ಅಗಲದಿಂದ ಭಾಗಿಸಿ, ಬಂದ ಸಂಖ್ಯೆಗೆ ಎರಡನ್ನು ಆಧಾರವಾಗಿಟ್ಟುಕೊಂಡು ಲಾಗರಿತಮ್ ತೆಗೆಯಬೇಕು. ಅದನ್ನು ಕಠಿಣತೆಯ ಸೂಚ್ಯಂಕ ಎನ್ನುತ್ತಾರೆ. ಮೇಲೆ ಹೇಳಿದ ನಾಲ್ಕೂ ಜೋಡಣೆಗಳಲ್ಲಿ ಭಾಗಲಬ್ಧ ೧೬. ಎರಡನ್ನು ನಾಲ್ಕು ಸಲ ಗುಣಿಸಿದರೆ ೧೬ ಆಗುವುದರಿಂದ ಸೂಚ್ಯಂಕ ೪ ಬಿಟ್. ಸೂಚ್ಯಂಕವು ಒಂದೊಂದು ಬಿಟ್ ಏರಿದಂತೆ ಚಲನೆಯ ಕಾಲವೂ ಸರಿಸುಮಾರು ಒಂದೇ ಮೊತ್ತದಷ್ಟು ಏರುತ್ತ ಹೋಗುತ್ತದೆ. ರಂಧ್ರವಿರುವ ಬಿಲ್ಲೆಗಳನ್ನು ಒಂದು ಗೂಟದಿಂದ ಇನ್ನೊಂದಕ್ಕೆ ಹಾಕುವ, ಕಡ್ಡಿಗಳನ್ನು ಒಂದು ತೂತಿನಿಂದ ಇನ್ನೊಂದಕ್ಕೆ ಸೇರಿಸುವ ಪ್ರಯೋಗಗಳಲ್ಲಿಯೂ ಇದೇ ಸಂಬಂಧ ಕಂಡಿತು. ಹೀಗೆ ಮುಂದಕ್ಕೂ ಹಿಂದಕ್ಕೂ ಚಲಿಸದೆ ಒಂದೇ ಬಾರಿ ಗುರಿಯತ್ತ ಕೈ ಚಾಚುವ ಚಲನೆಗೂ ನಿಯಮ ಅನ್ವಯಿಸುತ್ತದೆಂದು ೧೯೬೪ರಲ್ಲಿ ಜೇಮ್ಸ್ ಪೀಟರ್ಸನ್ ಅವರೊಡನೆ ತೋರಿಸಿದರು.

ಮಿಶಿಗನ್ ಮತ್ತು ಕೊನೆಯ ವರ್ಷಗಳು

೧೯೫೮ರಲ್ಲಿ ಫಿಟ್ಸ್ ಮಿಶಿಗನ್ ವಿಶ್ವವಿದ್ಯಾನಿಲಯಕ್ಕೆ ಹೋದರು. ಅಲ್ಲಿ ಅವರ ಆಸಕ್ತಿ ಕೌಶಲದ ಕಲಿಕೆಯ ಕಡೆಗೆ ತಿರುಗಿತು. ೧೯೬೪ರಲ್ಲಿ ಅವರು ವಿವರಿಸಿದಂತೆ ಕೌಶಲವನ್ನು ಕಲಿಯುವವನು ಮೂರು ಘಟ್ಟಗಳನ್ನು ದಾಟುತ್ತಾನೆ. ಮೊದಲು ಪ್ರತಿಯೊಂದು ಹೆಜ್ಜೆಯನ್ನೂ ಯೋಚಿಸಿ ಮಾಡುತ್ತಾನೆ. ಆಮೇಲೆ ಹೆಜ್ಜೆಗಳು ಒಂದಕ್ಕೊಂದು ಬೆಸೆದು ತಪ್ಪುಗಳು ಕಡಿಮೆಯಾಗುತ್ತವೆ. ಕೊನೆಗೆ ಕೆಲಸ ತಾನಾಗಿ ನಡೆಯುತ್ತದೆ, ಮನಸ್ಸು ಬೇರೆಡೆ ಇರಬಹುದು. ಸೈಕಲ್ ಕಲಿಕೆಯಿಂದ ಶಸ್ತ್ರಚಿಕಿತ್ಸೆಯ ತರಬೇತಿಯವರೆಗೆ ಈ ವಿಂಗಡಣೆಯನ್ನು ಶಿಕ್ಷಣಶಾಸ್ತ್ರ ಮತ್ತು ಕ್ರೀಡಾಶಾಸ್ತ್ರದ ಪಠ್ಯಗಳು ಇಂದಿಗೂ ಬಳಸುತ್ತವೆ. ಹಿಂದೆ ಹೇಳಿದ ಸನ್ನೆಗೋಲುಗಳ ಗೊಂದಲವೂ ಇದರಿಂದ ಸ್ಪಷ್ಟವಾಗುತ್ತದೆ. ಮೂರನೆಯ ಘಟ್ಟ ತಲುಪಿದ ಪೈಲಟ್‌ನ ಕೈ ತಾನಾಗಿ ಚಲಿಸುತ್ತದೆ, ಸನ್ನೆಗೋಲು ಸ್ಥಳ ಬದಲಿಸಿದೆಯೆಂಬುದು ಅದಕ್ಕೆ ತಿಳಿಯದು.

೧೯೬೨–೬೩ರಲ್ಲಿ ಅವರು ಅಮೆರಿಕದ ಮಾನವ ಅಂಶಗಳ ಸಂಘದ ಅಧ್ಯಕ್ಷರಾಗಿದ್ದರು. ೧೯೬೫ರ ಮೇ ೨ರಂದು, ಐವತ್ತಮೂರು ತುಂಬಲು ನಾಲ್ಕು ದಿನ ಉಳಿದಿರುವಾಗ, ಹಠಾತ್ತನೆ ನಿಧನರಾದರು. ಮಿಶಿಗನ್‌ನಲ್ಲಿ ಅವರ ವಿದ್ಯಾರ್ಥಿಯಾಗಿದ್ದ ಮೈಕೆಲ್ ಪೋಸ್ನರ್ ಅವರೊಡನೆ ಬರೆಯುತ್ತಿದ್ದ ‘ಹ್ಯೂಮನ್ ಪರ್ಫಾರ್ಮೆನ್ಸ್’ ಎಂಬ ಪುಸ್ತಕ ೧೯೬೭ರಲ್ಲಿ ಹೊರಬಂತು. ಗಮನದ ಮನೋವಿಜ್ಞಾನದಲ್ಲಿ ಪೋಸ್ನರ್ ಮುಂದೆ ಬಹಳ ದೊಡ್ಡ ಹೆಸರಾದರು.

ಗಣಕಯಂತ್ರದ ಪರದೆಯ ಮೇಲೆ

ಡಗ್ಲಸ್ ಎಂಗೆಲ್ಬಾರ್ಟ್ ೧೯೬೮ರ ಡಿಸೆಂಬರ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಮೌಸ್ ಬಳಸುವ ಗಣಕಯಂತ್ರವನ್ನು ಸಾರ್ವಜನಿಕವಾಗಿ ಪ್ರದರ್ಶಿಸಿದಾಗ ಫಿಟ್ಸ್ ತೀರಿಕೊಂಡು ಮೂರೂವರೆ ವರ್ಷಗಳಾಗಿದ್ದವು. ಅವರ ನಿಯಮ ಗಣಕಯಂತ್ರಕ್ಕೆ ಬಂದದ್ದು ಇನ್ನೂ ಹತ್ತು ವರ್ಷಗಳ ನಂತರ. ಕ್ಯಾಲಿಫೋರ್ನಿಯಾದ ಜೆರಾಕ್ಸ್ ಸಂಶೋಧನಾ ಕೇಂದ್ರದಲ್ಲಿ ಸ್ಟೂವರ್ಟ್ ಕಾರ್ಡ್, ವಿಲಿಯಂ ಇಂಗ್ಲಿಷ್ ಮತ್ತು ಬೆಟ್ಟಿ ಬರ್ ಪರದೆಯ ಮೇಲಿನ ಅಕ್ಷರಗಳನ್ನು ಆಯಲು ಮೌಸ್, ಜಾಯ್‌ಸ್ಟಿಕ್ ಮತ್ತು ಎರಡು ಬಗೆಯ ಕೀಲಿಗಳಲ್ಲಿ ಯಾವುದು ಉತ್ತಮವೆಂದು ಪರೀಕ್ಷಿಸಿ ೧೯೭೮ರಲ್ಲಿ ಪ್ರಬಂಧ ಪ್ರಕಟಿಸಿದರು. ಮೌಸ್ ಗೆದ್ದಿತು. ಅದಕ್ಕಿಂತ ಮುಖ್ಯವಾದದ್ದೆಂದರೆ, ಮೌಸಿನಿಂದ ಗುರಿ ಮುಟ್ಟುವ ಕಾಲ ಫಿಟ್ಸ್ ನಿಯಮದಂತೆಯೇ ಇತ್ತು; ಕೈಯೊಂದೇ ಸಾಧಿಸಬಲ್ಲ ವೇಗಕ್ಕೆ ಅದು ಬಹಳ ಹತ್ತಿರವಿತ್ತು. ಹಾಗಾಗಿ ಇದಕ್ಕಿಂತ ಬಹಳಷ್ಟು ವೇಗದ ಸಾಧನವನ್ನು ಹುಡುಕುವುದರಲ್ಲಿ ಹೆಚ್ಚು ಅರ್ಥವಿಲ್ಲವೆಂಬುದು ತಿಳಿಯಿತು. ಜೆರಾಕ್ಸ್ ೧೯೮೧ರಲ್ಲಿ ಮಾರುಕಟ್ಟೆಗೆ ತಂದ ಸ್ಟಾರ್ ಗಣಕಯಂತ್ರದಲ್ಲಿ ಮೌಸ್ ಇತ್ತು.

ಪರದೆಯ ವಿನ್ಯಾಸದಲ್ಲಿ ಈ ನಿಯಮದ ಪರಿಣಾಮಗಳು ಹಲವು. ಪದೇ ಪದೇ ಬಳಸುವ ಗುಂಡಿ ದೊಡ್ಡದಾಗಿಯೂ ಹತ್ತಿರವಾಗಿಯೂ ಇರಬೇಕು. ಮೌಸಿನ ಬಲಗುಂಡಿ ಒತ್ತಿದಾಗ ಬಾಣದ ಗುರುತು ಇರುವಲ್ಲಿಯೇ ಮೆನು ತೆರೆದುಕೊಂಡರೆ ದೂರ ಬಹುಮಟ್ಟಿಗೆ ಇಲ್ಲವಾಗುತ್ತದೆ. ಇನ್ನೊಂದು ಜಾಣತನ ಪರದೆಯ ಅಂಚಿನದು. ಮೌಸನ್ನು ಎಷ್ಟು ಜೋರಾಗಿ ಮೇಲಕ್ಕೆ ದೂಡಿದರೂ ಬಾಣದ ಗುರುತು ಅಂಚಿನಲ್ಲಿ ನಿಂತುಬಿಡುತ್ತದೆ. ಆದ್ದರಿಂದ ಅಂಚಿಗೆ ಅಂಟಿಕೊಂಡ ಗುರಿ ಆ ದಿಕ್ಕಿನಲ್ಲಿ ಮಿತಿಯಿಲ್ಲದಷ್ಟು ಅಗಲವಿದ್ದಂತೆ. ಆಪಲ್ ಸಂಸ್ಥೆಯ ಮ್ಯಾಕಿಂಟಾಷ್ ಗಣಕದ ಮೆನು ಪಟ್ಟಿ ಪರದೆಯ ತುತ್ತತುದಿಯಲ್ಲಿ ಇರುವುದನ್ನು ವಿನ್ಯಾಸದ ತರಗತಿಗಳಲ್ಲಿ ಇದಕ್ಕೆ ಉದಾಹರಣೆಯಾಗಿ ಕೊಡುತ್ತಾರೆ. ಬೆರಳಿನಿಂದ ಮುಟ್ಟುವ ಪರದೆಯಲ್ಲಿ ಮಾತ್ರ ಈ ಲಾಭ ಸಿಗದು. ಬೆರಳು ಅಂಚಿನಲ್ಲಿ ನಿಲ್ಲುವುದಿಲ್ಲ.

ಮೊಬೈಲ್ ಫೋನ್ ಬಂದ ಮೇಲೆ ನಿಯಮ ಒಂದರ್ಥದಲ್ಲಿ ತನ್ನ ಮೂಲಕ್ಕೆ ಮರಳಿತು. ೧೯೫೪ರ ಯುವಕರು ಕಡ್ಡಿಯಿಂದ ಪಟ್ಟಿಗಳನ್ನು ಮುಟ್ಟಿದಂತೆ ಇಂದಿನವರು ಬೆರಳಿನಿಂದ ಗಾಜನ್ನು ಮುಟ್ಟುತ್ತಾರೆ. ಮುಟ್ಟಬೇಕಾದ ಜಾಗ ಕನಿಷ್ಠ ೪೪ ಪಾಯಿಂಟ್ ಇರಬೇಕೆಂದು ಆಪಲ್ ಸಂಸ್ಥೆಯೂ, ಆಂಡ್ರಾಯ್ಡ್‌ಗೆ ೪೮ ಏಕಮಾನ ಇರಬೇಕೆಂದು ಗೂಗಲ್ ಸಂಸ್ಥೆಯೂ ಆ್ಯಪ್ ರೂಪಿಸುವವರಿಗೆ ಸೂಚಿಸಿವೆ. ಅಂಗವಿಕಲರಿಗೂ ಜಾಲತಾಣಗಳು ಎಟುಕಬೇಕೆಂಬ ಅಂತರರಾಷ್ಟ್ರೀಯ ಮಾರ್ಗಸೂಚಿಯ ೨೦೨೩ರ ಆವೃತ್ತಿ, ಕೆಲವು ವಿನಾಯಿತಿಗಳೊಡನೆ, ಗುರಿಯ ಗಾತ್ರ ೨೪ ಪಿಕ್ಸೆಲ್‌ಗಿಂತ ಕಡಿಮೆಯಿರಬಾರದೆನ್ನುತ್ತದೆ. ನಡುಗುವ ಕೈಯವರಿಗೆ, ಮುಪ್ಪಿನವರಿಗೆ ಈ ಕೆಲವು ಪಿಕ್ಸೆಲ್‌ಗಳ ವ್ಯತ್ಯಾಸವೆಂದರೆ ತಮ್ಮ ಕೆಲಸವನ್ನು ತಾವೇ ಮಾಡಿಕೊಳ್ಳಲು ಆಗುವುದು ಅಥವಾ ಆಗದಿರುವುದು. ಮೊಬೈಲಿನ ಕನ್ನಡ ಕೀಲಿಮಣೆಯ ವಿನ್ಯಾಸಕಾರರೂ ಇದೇ ಇಕ್ಕಟ್ಟನ್ನು ಎದುರಿಸುತ್ತಾರೆ: ವರ್ಣಮಾಲೆಯ ಹೆಚ್ಚು ಅಕ್ಷರಗಳನ್ನು ಒಟ್ಟಿಗೆ ತೋರಿಸಿದರೆ ಕೀಲಿಗಳು ಕಿರಿದಾಗುತ್ತವೆ, ಕೀಲಿಗಳನ್ನು ಅಗಲ ಮಾಡಿದರೆ ಒಂದು ಅಕ್ಷರಕ್ಕೆ ಎರಡು ಬಾರಿ ಒತ್ತಬೇಕಾಗುತ್ತದೆ.

ನಿಯಮದ ಮಿತಿಯನ್ನೂ ಗಮನಿಸಬೇಕು. ಗುರಿ ಎಲ್ಲಿದೆಯೆಂದು ಮೊದಲೇ ತಿಳಿದಿದ್ದರೆ ಕೈ ಎಷ್ಟು ಹೊತ್ತಿನಲ್ಲಿ ಅಲ್ಲಿಗೆ ತಲುಪುತ್ತದೆಂದು ಅದು ಹೇಳುತ್ತದೆ. ಯಾವ ಗುಂಡಿ ಬೇಕೆಂದು ನಿರ್ಧರಿಸುವ ಕಾಲ, ಗುಂಡಿಯ ಮೇಲಿನ ಮಾತು ಅರ್ಥವಾಗುವುದು, ಬಳಕೆದಾರನ ನಂಬಿಕೆ ಇವು ಅದರ ವ್ಯಾಪ್ತಿಯಲ್ಲಿಲ್ಲ. ಅದನ್ನು ತಿರುಗಿಸಿ ಬಳಸುವವರೂ ಇದ್ದಾರೆ. ಒಪ್ಪಿಗೆಯ ಗುಂಡಿಯನ್ನು ಅಂಗೈಯಗಲ ಮಾಡಿ, ಜಾಹೀರಾತನ್ನು ಮುಚ್ಚುವ ಗುಣಾಕಾರದ ಚಿಹ್ನೆಯನ್ನು ಸಾಸಿವೆ ಕಾಳಿನಷ್ಟು ಮಾಡುವವರು ಫಿಟ್ಸ್ ನಿಯಮವನ್ನು ಚೆನ್ನಾಗಿಯೇ ಬಲ್ಲವರು. ೧೯೪೭ರ ವರದಿಗಳನ್ನು ಈ ನಿಯಮದ ಜೊತೆಗೇ ಓದಬೇಕೆನ್ನುವುದು ಇದಕ್ಕಾಗಿ. ಉಳಿಸುವ ಗುಂಡಿಯೂ ಅಳಿಸುವ ಗುಂಡಿಯೂ ಒಂದೇ ಆಕಾರದಲ್ಲಿ, ಒಂದೇ ಬಣ್ಣದಲ್ಲಿ ಅಕ್ಕಪಕ್ಕ ಇದ್ದರೆ ಎರಡೂ ಎಷ್ಟೇ ದೊಡ್ಡದಿದ್ದರೂ ಫಲವಿಲ್ಲ; ಅದು ಬಿ-೧೭ರ ಎರಡು ಸ್ವಿಚ್ಚುಗಳ ಕಥೆಯೇ.

ಸೂತ್ರದ ಪರಿಷ್ಕರಣೆ ಮತ್ತು ಗೌರವಗಳು

ಫಿಟ್ಸ್ ಕೊಟ್ಟ ಸೂತ್ರಕ್ಕೆ ಮುಂದೆ ಹಲವು ತಿದ್ದುಪಡಿಗಳಾದವು. ದೂರವನ್ನು ಅಗಲದಿಂದ ಭಾಗಿಸಿ ಒಂದನ್ನು ಕೂಡಿಸುವ, ಶ್ಯಾನನ್ ಅವರ ಮೂಲ ಸಮೀಕರಣಕ್ಕೆ ಹೆಚ್ಚು ಹತ್ತಿರವಾದ ರೂಪವನ್ನು ಕೆನಡಾದ ಸ್ಕಾಟ್ ಮೆಕೆಂಜಿ ಸೂಚಿಸಿದರು. ಇಂದಿನ ಸಂಶೋಧನೆಗಳಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವುದು ಅದೇ. ಮೌಸ್ ಮೊದಲಾದ ಸಾಧನಗಳನ್ನು ಪರೀಕ್ಷಿಸುವ ವಿಧಾನವನ್ನು ನಿಗದಿಪಡಿಸಿ ೨೦೦೦ದಲ್ಲಿ ಪ್ರಕಟವಾದ ಐಎಸ್‌ಒ ೯೨೪೧ರ ಒಂಬತ್ತನೆಯ ಭಾಗವೂ ಫಿಟ್ಸ್ ನಿಯಮವನ್ನು ಆಧರಿಸಿತ್ತು. ಮಾನವ ಅಂಶಗಳ ಸಂಘವು ಈ ಶಾಸ್ತ್ರದ ಉತ್ತಮ ಶಿಕ್ಷಕರಿಗೆ ಕೊಡುವ ಪ್ರಶಸ್ತಿಗೆ ಪಾಲ್ ಫಿಟ್ಸ್ ಅವರ ಹೆಸರನ್ನು ಇಟ್ಟಿದೆ.